ನುಡಿ ಒಂದು, ಅರ್ಥ ಹಲವು



ಇಂದು ನಾವು ಮಾತನ್ನು ಕುರಿತೇ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಮಾತನ್ನು ದಿನವೂ ಆಡುತ್ತೇವೆ, ದಿನವೂ ಕೇಳುತ್ತೇವೆ. ಆದರೆ ಮಾತು ಎಂದರೇನು, ಅದಕ್ಕೆ ಅರ್ಥ ಎಲ್ಲಿಂದ ಬಂತು ಎಂದು ನಿಂತು ವಿಚಾರ ಮಾಡುವವರು ಕಡಿಮೆ. ಉಣ್ಣುವವನು ಗದ್ದೆಯನ್ನು ನೆನೆಯದ ಹಾಗೆ ಇದು. ನಮ್ಮ ಈ ಸೀಮೆಯವರಿಗಂತೂ ಈ ವಿಚಾರ ತೀರ ಹತ್ತಿರದ್ದು. ಏಕೆಂದರೆ ಶಿವಮೊಗ್ಗ, ಭದ್ರಾವತಿಗಳಲ್ಲಿ ಒಂದು ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು ಹೋಗುವಷ್ಟರಲ್ಲಿ ನಾಲ್ಕು ಭಾಷೆಗಳು ಕಿವಿಗೆ ಬೀಳುತ್ತವೆ.

ಭದ್ರಾವತಿಯನ್ನೇ ನೋಡಿರಿ. ಭದ್ರಾನದಿಯ ದಂಡೆಯ ಆ ಊರಿನಲ್ಲಿ ಮೈಸೂರು ಸಂಸ್ಥಾನದವರು ಕಬ್ಬಿಣದ ಕಾರ್ಖಾನೆಯನ್ನು ಕಟ್ಟಿದರು. 1923ರಲ್ಲಿ ಅದು ಕೆಲಸ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಇವೆರಡೂ ಆ ಕುಲುಮೆಯಲ್ಲಿ ಕೂಡಿ ಕಬ್ಬಿಣ ಹರಿಯಿತು. ಮುಂದೆ ಅದಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನೇ ಇಟ್ಟರು. ಅದರ ಬೆನ್ನಿಗೇ ಕಾಗದದ ಕಾರ್ಖಾನೆಯೂ ಬಂತು. ಕೆಲಸ ಇದ್ದಲ್ಲಿಗೆ ಜನ ಬರುತ್ತಾರೆ. ತಮಿಳರು ಬಂದರು, ತೆಲುಗರು ಬಂದರು, ಮಲೆಯಾಳಿಗಳು, ಮರಾಠಿಗರು, ತುಳುವರು ಬಂದರು. ಉರ್ದು ಆಡುವವರು, ಲಂಬಾಣಿ ಆಡುವವರು ಅವರೊಡನೆ ಸೇರಿದರು. ಕಾಗದದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತುಹೋದವು. ಕಬ್ಬಿಣದ ಕಾರ್ಖಾನೆಗೂ ಹಿಂದಿನ ವೈಭವ ಉಳಿದಿಲ್ಲ. ಆದರೆ ಬಂದ ಜನ ಹೋಗಲಿಲ್ಲ, ಇಲ್ಲಿಯವರೇ ಆದರು. ಅವರು ತಂದ ನುಡಿಗಳೂ ಇಲ್ಲಿಯೇ ಉಳಿದವು.

ಈಗ ನಾವು ‘ಕಾರ್ಖಾನೆ’ ಎಂಬ ಒಂದು ಶಬ್ದವನ್ನು ಹೇಳಿದೆವು. ಅದನ್ನೇ ಹಿಡಿದು ಮುಂದೆ ಹೋಗೋಣ. ಇದು ಪಾರಸಿ ಭಾಷೆಯಿಂದ ಬಂದದ್ದು. ‘ಕಾರ್’ ಎಂದರೆ ಕೆಲಸ, ‘ಖಾನೆ’ ಎಂದರೆ ಮನೆ. ಕೆಲಸದ ಮನೆಯೇ ಕಾರ್ಖಾನೆ. ಇನ್ನು ಜ್ಯೇಷ್ಠಮಾಸದಲ್ಲಿ ನಮ್ಮ ರೈತನು ಆಕಾಶವನ್ನು ನೋಡಿ ‘ಮುಂಗಾರು’ ಎನ್ನುತ್ತಾನೆ. ಅಲ್ಲಿಯೂ ‘ಕಾರ್’ ಇದೆ. ಸಂಧಿಯಲ್ಲಿ ‘ಗಾರ್’ ಆಗಿದೆ. ಈ ಕಾರ್ ಅಚ್ಚ ಕನ್ನಡದ್ದು. ಕಪ್ಪು, ಮೋಡ, ಮಳೆಗಾಲ ಎಂದು ಅದರ ಅರ್ಥ. ಕಾರ್ಮೋಡ, ಕಾರ್ಗತ್ತಲೆ ಎನ್ನುವುದಿಲ್ಲವೇ? ಆಮೇಲೆ ರಸ್ತೆಯ ಮೇಲೆ ಓಡುವ ಕಾರು. ಅದು ಇಂಗ್ಲಿಷರಿಂದ ಬಂದದ್ದು. ಅದರ ಮೂಲ ಬಂಡಿ ಎಂಬ ಅರ್ಥದ ಹಳೆಯ ಲ್ಯಾಟಿನ್ ಶಬ್ದ. ಕುಂಭಕಾರ, ಚಿತ್ರಕಾರ ಎಂಬಲ್ಲಿ ಇರುವ ‘ಕಾರ’ ಸಂಸ್ಕೃತದ್ದು. ಮಾಡುವವನು ಎಂದು ಅರ್ಥ. ಇಷ್ಟು ಸಾಲದೆಂಬಂತೆ, ಹಾವು ವಿಷ ಕಾರುತ್ತದೆ ಎಂಬಲ್ಲಿ ಮತ್ತೊಂದು ‘ಕಾರು’ ಇದೆ.

ನೋಡಿರಿ, ಮುಂಗಾರು ಸುರಿಯುವಾಗ ಒಬ್ಬ ಚಿತ್ರಕಾರನು ಕಾರಿನಲ್ಲಿ ಕುಳಿತು ಕಾರ್ಖಾನೆಗೆ ಹೋದನು ಎಂದರೆ, ಒಂದೇ ವಾಕ್ಯದಲ್ಲಿ ನಾಲ್ಕು ‘ಕಾರ್’ ಕೂಡಿದವು. ಕಿವಿಗೆ ಎಲ್ಲವೂ ಒಂದೇ. ಆದರೆ ನಾಲ್ಕೂ ನಾಲ್ಕು ಭಾಷೆಗಳಿಂದ ಬಂದವು. ಇವುಗಳಲ್ಲಿ ಯಾರು ಯಾರಿಗೆ ನೆಂಟರು ಎಂದು ಕೇಳಿದರೆ ಉತ್ತರ ಸೋಜಿಗವಾಗಿದೆ. ಪಾರಸಿಯ ಕಾರ್ ಮತ್ತು ಸಂಸ್ಕೃತದ ಕಾರ, ಇವು ಒಂದೇ ತಾಯಿಯ ಮಕ್ಕಳು. ಮಾಡುವುದು ಎಂಬ ಒಂದೇ ಧಾತುವಿನಿಂದ ಎರಡೂ ಹುಟ್ಟಿದವು. ನಮ್ಮ ಮುಂಗಾರಿನ ಕಾರ್‌ಗೂ ಅವುಗಳಿಗೂ ಯಾವ ನಂಟೂ ಇಲ್ಲ. ಓಡುವ ಕಾರು ಇವರೆಲ್ಲರಿಂದ ಬೇರೆ. ಅದು ಇನ್ನೊಂದು ಧಾತುವಿನಿಂದ ಬಂದದ್ದು.

ಆದುದರಿಂದ ಎರಡು ಭಾಷೆಗಳಲ್ಲಿ ಒಂದೇ ಬಗೆಯ ಶಬ್ದ ಕಂಡಾಗ ಮೂರು ಕಾರಣಗಳಲ್ಲಿ ಒಂದು ಇರಬಹುದು. ಮೊದಲನೆಯದು ರಕ್ತಸಂಬಂಧ. ಕನ್ನಡದಲ್ಲಿ ಹಲ್ಲು, ತಮಿಳಿನಲ್ಲಿ ಪಲ್. ಇಲ್ಲಿ ಹುಲಿ, ಅಲ್ಲಿ ಪುಲಿ. ಇಲ್ಲಿ ಹತ್ತು, ಅಲ್ಲಿ ಪತ್ತು. ಇಲ್ಲಿ ಹೂ, ಅಲ್ಲಿ ಪೂ. ಹಳಗನ್ನಡದಲ್ಲಿ ನಾವೂ ‘ಪ’ ಎಂದೇ ಅನ್ನುತ್ತಿದ್ದೆವು. ಆಮೇಲೆ ಅದು ‘ಹ’ ಆಯಿತು. ಒಂದಲ್ಲ, ಎರಡಲ್ಲ, ಸಾಲಿಗೆ ಸಾಲೇ ಹೀಗೆ ಹೊಂದಿಕೊಂಡು ಬಂದರೆ ಅದು ಅಣ್ಣತಮ್ಮಂದಿರ ಹೋಲಿಕೆ ಎಂದು ತಿಳಿಯಬೇಕು. ಎಲ್ಲಿಸ್ ಎಂಬ ವಿದ್ವಾಂಸನು 1816ರಲ್ಲಿ, ಕಾಲ್ಡ್‌ವೆಲ್ ಎಂಬ ವಿದ್ವಾಂಸನು 1856ರಲ್ಲಿ ಈ ದಕ್ಷಿಣದ ಭಾಷೆಗಳು ಒಂದು ಮನೆತನದವು ಎಂದು ತೋರಿಸಿದ್ದು ಇಂಥ ಹೋಲಿಕೆಗಳಿಂದಲೇ.

ಎರಡನೆಯದು ಸಾಲ. ಕಾರ್ಖಾನೆ ಎಂಬ ಶಬ್ದವನ್ನು ನಾವು ಸಾಲವಾಗಿ ತಂದೆವು. ತಂದು ಎಷ್ಟೋ ಕಾಲವಾಗಿ, ಅದು ಈಗ ನಮ್ಮದೇ ಆಗಿದೆ. ಹಿಂತಿರುಗಿಸುವ ಪ್ರಶ್ನೆಯೂ ಇಲ್ಲ, ಬಡ್ಡಿಯೂ ಇಲ್ಲ. ಭಾಷೆಗಳ ನಡುವಣ ಸಾಲ ಮಾತ್ರ ಕೊಟ್ಟವನನ್ನೂ ಬಡವನನ್ನಾಗಿ ಮಾಡುವುದಿಲ್ಲ, ತಂದವನನ್ನೂ ಕುಗ್ಗಿಸುವುದಿಲ್ಲ.

ಮೂರನೆಯದು ಬರಿಯ ಮುಖಸಾಮ್ಯ. ಜಾತ್ರೆಯಲ್ಲಿ ನಮ್ಮ ಊರಿನವನಂತೆಯೇ ಇರುವ ಪರಊರಿನವನನ್ನು ಕಂಡು ಹೆಗಲ ಮೇಲೆ ಕೈ ಹಾಕುತ್ತೇವೆ. ಅವನು ತಿರುಗಿ ನೋಡಿದಾಗ ನಮ್ಮವನಲ್ಲ ಎಂದು ತಿಳಿಯುತ್ತದೆ. ಭಾಷೆಗಳಲ್ಲಿಯೂ ಹಾಗೆಯೇ. ಜಗತ್ತಿನಲ್ಲಿ ಸುಮಾರು 7000 ಭಾಷೆಗಳಿವೆ. ಮನುಷ್ಯನ ಬಾಯಿಯಿಂದ ಸುಲಭವಾಗಿ ಹೊರಡುವ ಧ್ವನಿಗಳು ಕೆಲವೇ. ನಮ್ಮ ವರ್ಣಮಾಲೆಯ ಅಕ್ಷರಗಳು ಐವತ್ತರ ಆಸುಪಾಸು. ಹೇಳಬೇಕಾದ ಅರ್ಥಗಳೋ ಲೆಕ್ಕವಿಲ್ಲದಷ್ಟು. ಒಂದೆರಡು ಅಕ್ಷರದ ಚಿಕ್ಕ ಶಬ್ದಗಳು ಅಲ್ಲಲ್ಲಿ ಒಂದೇ ರೂಪ ತಾಳುವುದರಲ್ಲಿ ಆಶ್ಚರ್ಯವೇನಿದೆ? ತಾಳದಿದ್ದರೆ ಆಶ್ಚರ್ಯ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ರೂಪವೂ ಒಂದೇ, ಅರ್ಥವೂ ಒಂದೇ ಆಗಿದ್ದರೂ ನಂಟು ಇರಲೇಬೇಕೆಂದಿಲ್ಲ. ಬದ್ಮಾಶ್, ಬದ್ನಾಮಿ ಎನ್ನುತ್ತೇವಲ್ಲ, ಅಲ್ಲಿಯ ‘ಬದ್’ ಪಾರಸಿಯದು. ಕೆಟ್ಟದ್ದು ಎಂದು ಅರ್ಥ. ಇಂಗ್ಲಿಷಿನ ‘ಬ್ಯಾಡ್’ ಎಂದರೂ ಕೆಟ್ಟದ್ದೇ. ಇವೆರಡೂ ಒಂದೇ ಎಂದು ಯಾರಾದರೂ ಆಣೆ ಹಾಕಿಯಾರು. ಆದರೆ ಬಲ್ಲವರು ಪರೀಕ್ಷಿಸಿ ನೋಡಿ, ಇವೆರಡಕ್ಕೂ ಸಂಬಂಧವಿಲ್ಲ ಎಂದಿದ್ದಾರೆ. ಇದಕ್ಕೆ ತಿರುಗುಮುರುಗಾದದ್ದೂ ಉಂಟು. ನಮ್ಮ ‘ಚಕ್ರ’ ಎಂಬ ಸಂಸ್ಕೃತ ಶಬ್ದವನ್ನೂ ಇಂಗ್ಲಿಷಿನ ‘ವ್ಹೀಲ್’ ಎಂಬುದನ್ನೂ ಅಕ್ಕಪಕ್ಕ ಇಡಿರಿ. ಒಂದಕ್ಷರವೂ ಕೂಡುವುದಿಲ್ಲ. ಆದರೂ ಅವು ಒಂದೇ ಮೂಲದಿಂದ ಹೊರಟು, ಸಾವಿರಾರು ವರ್ಷ ಬೇರೆ ಬೇರೆ ದಾರಿಯಲ್ಲಿ ಉರುಳಿ ಬಂದ ಒಡಹುಟ್ಟಿದವು. ಮುಖ ಹೋಲಿದ ಮಾತ್ರಕ್ಕೆ ನೆಂಟನಲ್ಲ. ಮುಖ ಹೋಲದ ಮಾತ್ರಕ್ಕೆ ಪರಕೀಯನಲ್ಲ. ಈ ಮಾತು ಶಬ್ದಗಳಿಗಷ್ಟೇ ಅಲ್ಲ, ಮನುಷ್ಯರಿಗೂ ಸಲ್ಲುತ್ತದೆ.

ಇದನ್ನು ತಿಳಿಯದವರು ಏನು ಮಾಡುತ್ತಾರೆ? ಎರಡು ಭಾಷೆಗಳಲ್ಲಿ ಹತ್ತು ಶಬ್ದ ಹೋಲಿದವೆಂದರೆ ಸಾಕು, ‘ನಮ್ಮ ಭಾಷೆಯಿಂದಲೇ ಅವರದು ಹುಟ್ಟಿತು, ನಮ್ಮದೇ ತಾಯಿ’ ಎಂದು ಪಟ್ಟಿ ಮಾಡಿ ಹೊರಡುತ್ತಾರೆ. ಆ ಕಡೆಯವರೂ ಅದೇ ಹತ್ತು ಶಬ್ದಗಳನ್ನು ಹಿಡಿದು, ‘ಇಲ್ಲ, ನಮ್ಮದೇ ತಾಯಿ’ ಎನ್ನುತ್ತಾರೆ. ಪಟ್ಟಿ ಒಂದೇ, ಜಗಳ ಎರಡು. ಒಂದು ಭಾಷೆಯ ಹಿರಿಮೆ ಇನ್ನೊಂದು ಭಾಷೆಯ ತಲೆಯ ಮೇಲೆ ಕಾಲಿಟ್ಟು ನಿಲ್ಲುವಂಥದಲ್ಲ. ತಾಯಿಯನ್ನು ಪ್ರೀತಿಸಲು ನೆರೆಮನೆಯ ತಾಯಿಯನ್ನು ಹಳಿಯಬೇಕಾಗಿಲ್ಲ.

ಇನ್ನೊಂದು ಶಬ್ದವನ್ನು ತೆಗೆದುಕೊಳ್ಳೋಣ: ‘ಕರಿ’. ಕನ್ನಡದಲ್ಲಿ ಕಪ್ಪು. ಒಲೆಯ ಮುಂದೆ ನಿಂತ ತಾಯಿಗೆ ಎಣ್ಣೆಯಲ್ಲಿ ಕರಿಯುವುದು. ಸಂಸ್ಕೃತದಲ್ಲಿ ಕರಿ ಎಂದರೆ ಆನೆ. ‘ಕರ’ ಎಂದರೆ ಕೈ. ಸೊಂಡಿಲನ್ನೇ ಕೈಯಾಗಿ ಉಳ್ಳದ್ದು ಕರಿ. ತೀರ್ಥಹಳ್ಳಿಯ ರಸ್ತೆಯಲ್ಲಿ ತುಂಗೆಯ ಹಿನ್ನೀರಿನ ದಂಡೆಗೆ ಸಕ್ರೆಬೈಲಿನ ಆನೆಬಿಡಾರವಿದೆ. ಅಲ್ಲಿಯ ಆನೆಯನ್ನು ಸಂಸ್ಕೃತ ಬಲ್ಲವನು ‘ಕರಿ’ ಎಂದರೆ, ಹಳ್ಳಿಯವನು ‘ಹೌದು, ಕರಿದಾಗಿಯೇ ಇದೆ’ ಎಂದಾನು. ಇಬ್ಬರೂ ಒಂದನ್ನೇ ನೋಡುತ್ತಿದ್ದಾರೆ, ಒಂದೇ ಶಬ್ದವನ್ನು ಆಡುತ್ತಿದ್ದಾರೆ. ಒಬ್ಬನು ಕೈಯನ್ನು ಕಂಡನು, ಇನ್ನೊಬ್ಬನು ಬಣ್ಣವನ್ನು ಕಂಡನು. ತಮಿಳರಿಗೆ ಕರಿ ಎಂದರೆ ಇದ್ದಿಲು. ಭದ್ರಾವತಿಯ ಕುಲುಮೆಗೆ ಹಾಕುತ್ತಿದ್ದ ಇದ್ದಿಲನ್ನು ತಮಿಳು ಕೆಲಸಗಾರನು ಕರಿ ಎಂದರೆ, ಅದು ನಮ್ಮ ಕರಿಗೆ ದೂರದ್ದೇನಲ್ಲ. ಕಪ್ಪೇ ಅಲ್ಲಿ ಮೂಲ. ಅಡಿಗೆಯ ಪದಾರ್ಥಕ್ಕೆ ಹೇಳುವ ತಮಿಳಿನ ಇನ್ನೊಂದು ಕರಿಯನ್ನು ಅವರು ಬೇರೆ ರಕಾರದಿಂದ ಬರೆಯುತ್ತಾರೆ. ಇಂಗ್ಲಿಷರು ಸಾಲವಾಗಿ ಒಯ್ದು ಜಗತ್ತಿಗೆಲ್ಲ ಹಂಚಿದ್ದು ಆ ಕರಿಯನ್ನು.

ಎರಡು ರಕಾರ ಎಂದೆವು. ನಮ್ಮಲ್ಲಿಯೂ ಹಿಂದೆ ಎರಡಿದ್ದವು. ಸಾಧಾರಣ ರಕಾರ ಒಂದು, ಶಕಟರೇಫ ಎಂಬ ಗಡಸು ರಕಾರ ಇನ್ನೊಂದು. ಹಳಗನ್ನಡದಲ್ಲಿ ತಿಳಿ ಎಂಬ ಅರ್ಥದ ‘ಅಱಿ’ ಎಂಬುದನ್ನು ಶಕಟರೇಫದಿಂದ ಬರೆಯುತ್ತಿದ್ದರು. ಅದರಿಂದಲೇ ‘ಅರಿವು’ ಬಂದದ್ದು. ಸಂಸ್ಕೃತದ ‘ಅರಿ’ ಎಂದರೆ ವೈರಿ. ಅದಕ್ಕೆ ಸಾಧಾರಣ ರಕಾರ. ಕಾಮಕ್ರೋಧಾದಿಗಳನ್ನು ಅರಿಷಡ್ವರ್ಗ ಎನ್ನುವುದು ಈ ವೈರಿಯ ಅರ್ಥದಲ್ಲಿ. ಆಗ ಓದುವವನಿಗೆ ಕಣ್ಣಿನಲ್ಲಿಯೇ ಭೇದ ತಿಳಿಯುತ್ತಿತ್ತು. ಕಾಲ ಕಳೆದಂತೆ ನಾಲಗೆ ಎರಡನ್ನೂ ಒಂದು ಮಾಡಿತು. ಆ ಅಕ್ಷರವೂ ಬಳಕೆ ತಪ್ಪಿತು. ಈಗ ತಿಳಿವಿನ ಅರಿಯೂ ಹಗೆಯ ಅರಿಯೂ ಒಂದೇ ಉಡುಪಿನಲ್ಲಿ ಬಂದು ನಿಲ್ಲುತ್ತವೆ. ‘ಅರಿಯನ್ನು ಗೆಲ್ಲು’, ‘ನಿನ್ನನ್ನು ನೀನು ಅರಿ’ ಎಂಬ ಎರಡು ಮಾತುಗಳಲ್ಲಿ ಯಾವುದು ಯಾವುದೆಂದು ಹೇಳುವುದು ಅಕ್ಷರವಲ್ಲ, ಹಿಂದುಮುಂದಿನ ಮಾತು. ಮಾತನ್ನು ಒಂಟಿಯಾಗಿ ಹಿಡಿದು ತೀರ್ಪು ಕೊಡಬಾರದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಇನ್ನು ನಮ್ಮ ಊರುಗಳ ಹೆಸರಿಗೆ ಬರೋಣ. ಶಿವಮೊಗ್ಗ ಎಂಬ ಹೆಸರಿಗೆ ಶಿವಮುಖ ಮೂಲವೆಂದು ಕೆಲವರು. ಸಿಹಿಮೊಗೆ, ಎಂದರೆ ಸಿಹಿಯಾದ ಗಡಿಗೆ, ಎಂದು ಕೆಲವರು. ಅದಕ್ಕೆ ದೂರ್ವಾಸ ಮುನಿಯ ಕಥೆಯನ್ನೂ ಹೇಳುತ್ತಾರೆ. ಮುಖ ಸಂಸ್ಕೃತದ್ದು, ಮೊಗೆ ಕನ್ನಡದ್ದು. ಹೂವಿನ ಮೊಗ್ಗೆಯನ್ನು ಕಾಣುವವರೂ ಇರಬಹುದು. ಒಂದೇ ಹೆಸರಿನಲ್ಲಿ ಒಬ್ಬನಿಗೆ ದೇವರ ಮುಖ, ಒಬ್ಬನಿಗೆ ಮಣ್ಣಿನ ಗಡಿಗೆ. ಇಂಗ್ಲಿಷರ ನಾಲಗೆಯಲ್ಲಿ ಅದು ‘ಶಿಮೊಗಾ’ ಆಯಿತು. ಅಲ್ಲಿ ಶಿವನೂ ಇಲ್ಲ, ಸಿಹಿಯೂ ಇಲ್ಲ. 2014ರ ರಾಜ್ಯೋತ್ಸವದ ದಿನದಿಂದ ಸರಕಾರದ ಕಾಗದಪತ್ರಗಳಲ್ಲಿಯೂ ಶಿವಮೊಗ್ಗ ಎಂದೇ ಆಗಿದೆ.

ಭದ್ರಾವತಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ಇದು ವಂಕಿಪುರ ಎಂಬುದರ ಮಾರ್ಪಾಡು, ವಂಕಿ ಎಂಬ ಋಷಿಯಿಂದ ಬಂದದ್ದು ಎಂದು ಊರಿನವರ ನಂಬಿಕೆ. ವಕಾರ ಬಕಾರವಾಗುವುದು ಕನ್ನಡಕ್ಕೆ ಸಹಜ. ಹಾಗೆ ಆದಾಗ ಋಷಿಯ ಹೆಸರು ಮರೆಯಾಗಿ ಜನರ ಕಿವಿಗೆ ಬೆಂಕಿ ಕೇಳಿಸಿತು. ಆಮೇಲೆ ಅಲ್ಲಿಯೇ ಕಬ್ಬಿಣವನ್ನು ಕರಗಿಸುವ ಬೆಂಕಿ ಹೊತ್ತಿತು! ಹೆಸರು ಬೆಂಕಿಯನ್ನು ಕರೆಯಲಿಲ್ಲ. ಅದಿರು, ಕಾಡು, ನೀರು ಹತ್ತಿರ ಇದ್ದುದರಿಂದ ಕಾರ್ಖಾನೆ ಬಂತು. ಆದರೆ ಕಿವಿಯ ಸ್ವಭಾವ ಇದರಿಂದ ತಿಳಿಯುತ್ತದೆ. ತಿಳಿಯದ ಶಬ್ದ ಬಿದ್ದರೆ ಕಿವಿ ಸುಮ್ಮನಿರುವುದಿಲ್ಲ. ತನಗೆ ಗೊತ್ತಿರುವ ಅರ್ಥವನ್ನು ಅದರೊಳಗೆ ತುಂಬಿಬಿಡುತ್ತದೆ.

ಒಂದೇ ಮೂಲದಿಂದ ಬಂದ ಶಬ್ದವೂ ಮನೆ ಬದಲಾದಾಗ ಅರ್ಥ ಬದಲಿಸುತ್ತದೆ. ಸಂಸ್ಕೃತದ ‘ಶಿಕ್ಷಾ’ ಎಂಬುದಕ್ಕೆ ಕಲಿಕೆ ಎಂದು ಅರ್ಥ. ಹಿಂದಿಯಲ್ಲಿ ಇಂದಿಗೂ ಅದೇ. ಕನ್ನಡದಲ್ಲಿ ಶಿಕ್ಷೆ ಎಂದರೆ ದಂಡನೆ. ‘ನನ್ನ ಮಗನಿಗೆ ಒಳ್ಳೆಯ ಶಿಕ್ಷೆ ಆಯಿತು’ ಎಂದು ಉತ್ತರದವನು ಅರೆಗನ್ನಡದಲ್ಲಿ ಸಂತೋಷದಿಂದ ಹೇಳಿದರೆ, ನಾವು ‘ಅಯ್ಯೋ ಪಾಪ’ ಎನ್ನುತ್ತೇವೆ. ಉಪನ್ಯಾಸ ಎಂದರೆ ನಮಗೆ ಭಾಷಣ, ಹಿಂದಿಯವರಿಗೆ ಕಾದಂಬರಿ. ಅವಸರ ಎಂದರೆ ನಮಗೆ ಆತುರ, ಹಿಂದಿಯವರಿಗೆ ಸುಸಮಯ, ತೆಲುಗರಿಗೆ ಅಗತ್ಯ. ಇಲ್ಲಿ ಯಾರದು ಸರಿ, ಯಾರದು ತಪ್ಪು? ಯಾರದೂ ತಪ್ಪಲ್ಲ. ಒಂದು ಶಬ್ದಕ್ಕೆ ಅರ್ಥವನ್ನು ಕೊಡುವವರು ಅದನ್ನು ದಿನವೂ ಆಡುವ ಜನ. ಅವರ ಒಡಂಬಡಿಕೆಯೇ ಅರ್ಥ. ಧ್ವನಿಯಲ್ಲಿ ಅರ್ಥ ಹುಟ್ಟಿನಿಂದ ಅಂಟಿಕೊಂಡು ಬಂದಿದ್ದರೆ ಜಗತ್ತಿನಲ್ಲೆಲ್ಲ ಒಂದೇ ಭಾಷೆ ಇರಬೇಕಾಗಿತ್ತು.

ಈಗ ಒಂದು ದೃಷ್ಟಾಂತ ಹೇಳುತ್ತೇವೆ. ಇದು ಇಂಥ ದಿನ ನಡೆದದ್ದೆಂದು ಅಲ್ಲ, ನಡೆಯಬಹುದಾದದ್ದು. ಹಳ್ಳಿಯ ಒಬ್ಬ ತಾಯಿ ಕಾರ್ಖಾನೆಯ ಕಾಲೋನಿಗೆ ದಿನವೂ ಹಾಲು ತರುತ್ತಾಳೆ. ಒಂದು ಮನೆಗೆ ಉತ್ತರದ ಕಡೆಯ ಮುದುಕರೊಬ್ಬರು ಮಗನ ಹತ್ತಿರ ಇರಲು ಬಂದಿದ್ದಾರೆ. ಅವರಿಗೆ ಉರ್ದು ಬಿಟ್ಟು ಬೇರೆ ಬಾರದು. ಈಕೆಗೆ ಕನ್ನಡ ಬಿಟ್ಟು ಬೇರೆ ಬಾರದು. ಮುದುಕರು ಜಗುಲಿಯ ಮೇಲೆ ಕುಳಿತು ಪ್ರೀತಿಯಿಂದ, ‘ಕ್ಯಾ ಹಾಲ್ ಹೈ ಅಮ್ಮಾ?’ ಎನ್ನುತ್ತಾರೆ. ಹಾಲ್ ಎಂದರೆ ಅಲ್ಲಿ ಸ್ಥಿತಿ. ಅರಬ್ಬಿಯಿಂದ ಉರ್ದುವಿಗೆ ಬಂದ ಶಬ್ದ. ಹೇಗಿದ್ದೀಯಮ್ಮ ಎಂದು ಅವರು ಕೇಳಿದ್ದು. ಆಕೆಗೆ ಕೇಳಿಸಿದ್ದು ಹಾಲು. ‘ಒಳ್ಳೆ ಹಾಲು ಯಜಮಾನರೇ, ನೀರು ಬೆರೆಸಿಲ್ಲ’ ಎಂದಳು. ಅವರು ನಕ್ಕು ತಲೆಯಾಡಿಸಿದರು. ಮರುದಿನವೂ ಅದೇ ಪ್ರಶ್ನೆ. ಮೂರನೆಯ ದಿನವೂ ಅದೇ. ಆಕೆಯ ಮನಸ್ಸು ನೊಂದಿತು. ‘ಬೀದಿಯಲ್ಲಿ ಇಷ್ಟು ಮನೆಗಳಿವೆ, ಯಾರೂ ಕೇಳುವುದಿಲ್ಲ. ಈ ಮುದುಕರು ಮಾತ್ರ ದಿನವೂ ಹಾಲಿನ ಮೇಲೆ ಸಂಶಯಪಡುತ್ತಾರೆ. ನಾನು ಕಳ್ಳಿಯೇ?’ ಎಂದುಕೊಂಡು ಆ ಮನೆಗೆ ಹಾಲು ಹಾಕುವುದನ್ನೇ ಬಿಟ್ಟಳು. ಮುದುಕರಿಗೂ ನೋವಾಯಿತು. ‘ಕ್ಷೇಮ ವಿಚಾರಿಸಿದ್ದಕ್ಕೆ ಮುಖ ತಿರುಗಿಸಿ ಹೋಗುತ್ತಾಳೆ. ಪರದೇಶಿಯೆಂದು ತಾತ್ಸಾರ’ ಎಂದರು. ಕೊನೆಗೆ ಎರಡೂ ಭಾಷೆ ಬಲ್ಲ ಪಕ್ಕದ ಮನೆಯ ಶಾಲೆಯ ಹುಡುಗಿ ನಡುವೆ ನಿಂತು ಅರ್ಥ ಬಿಡಿಸಿದಳು. ಇಬ್ಬರೂ ನಕ್ಕರು. ಮರುದಿನ ಆಕೆಯೇ ಚೊಂಬಿಗೆ ಹಾಲು ಹಾಕುತ್ತಾ, ‘ಯಜಮಾನರೇ, ನಿಮ್ಮ ಹಾಲು ಹೇಗಿದೆ?’ ಎಂದು ಕೇಳಿದಳು.

ಭಕ್ತರೇ, ಇದು ನಗುವ ಕಥೆ. ಆದರೆ ಆ ಹುಡುಗಿ ಇಲ್ಲದಿದ್ದರೆ? ಇಬ್ಬರೂ ಸಜ್ಜನರು. ಒಬ್ಬರು ಸುಳ್ಳು ಹೇಳಲಿಲ್ಲ, ಒಬ್ಬರು ಬೈಯಲಿಲ್ಲ. ಆದರೂ ಎರಡು ಮನೆಗಳ ನಡುವೆ ಗೋಡೆ ಎದ್ದಿತು. ಆಮೇಲೆ ಆ ಗೋಡೆಗೆ ಜಾತಿಯ ಬಣ್ಣ ಬಳಿಯುವವರು, ಭಾಷೆಯ ಬಣ್ಣ ಬಳಿಯುವವರು ಹೊರಗಿನಿಂದ ಬರುತ್ತಾರೆ. ‘ಆ ಜನವೇ ಹಾಗೆ’ ಎಂಬ ಒಂದು ಮಾತು ಹುಟ್ಟಿದರೆ ಅದನ್ನು ಆರಿಸುವುದು ಕಷ್ಟ. ಹಲವು ನುಡಿಗಳ ಜನ ಕೂಡಿ ಬಾಳುವ ಭದ್ರಾವತಿಯಂಥ ಊರಿಗೆ, ಶಿವಮೊಗ್ಗದಂಥ ಪೇಟೆಗೆ, ಇದು ಕೇವಲ ವ್ಯಾಕರಣದ ಪ್ರಶ್ನೆಯಲ್ಲ, ಬಾಳಿನ ಪ್ರಶ್ನೆ. ಆ ಹುಡುಗಿ ಮಾಡಿದ ಕೆಲಸ ಸಣ್ಣದಲ್ಲ. ನಿಮ್ಮ ಮಕ್ಕಳು ನೆರೆಯವರ ಭಾಷೆಯ ನಾಲ್ಕು ಮಾತು ಕಲಿತುಬಂದರೆ ಗದರಿಸಬೇಡಿರಿ. ಹಾಗೆಯೇ ಹೊರಗಿನಿಂದ ಬಂದವರೂ ಇಲ್ಲಿಯ ಕನ್ನಡವನ್ನು ಪ್ರೀತಿಯಿಂದ ಕಲಿಯಲಿ. ನೀವು ತಾಳ್ಮೆಯಿಂದ ಕಲಿಸಿರಿ. ಅವರು ತಪ್ಪಾಡಿದರೆ ನಗಬೇಡಿರಿ. ಅವರ ತಪ್ಪಿನಲ್ಲಿ ಅವರ ತಾಯಿಯ ಭಾಷೆಯ ಒಂದು ಸರಿ ಅಡಗಿರುತ್ತದೆ.

ಈವರೆಗೆ ಒಂದು ನುಡಿಗೆ ಹಲವು ಅರ್ಥ ಎಂಬುದನ್ನು ಹೇಳಿದೆವು. ಹಲವು ನುಡಿಗೆ ಒಂದೇ ಅರ್ಥ ಎಂಬುದೂ ಇದೆ. ಅದು ನಿಮ್ಮೆಲ್ಲರ ಬಾಯಲ್ಲಿ ದಿನವೂ ಇದೆ. ಕೃಷ್ಣೆ ಮಲಪ್ರಭೆಯರು ಸೇರುವಲ್ಲಿ ಕೂಡಲಸಂಗಮ. ‘ಕೂಡಲ’ ಎಂದರೆ ಕನ್ನಡದಲ್ಲಿ ಕೂಡುವ ಸ್ಥಳ. ‘ಸಂಗಮ’ ಎಂದರೆ ಸಂಸ್ಕೃತದಲ್ಲಿ ಕೂಡುವ ಸ್ಥಳ. ಎರಡು ಬೇರೆ ಮನೆತನದ ನುಡಿಗಳು ಒಂದೇ ಅರ್ಥವನ್ನು ಹೊತ್ತು ಅಲ್ಲಿ ತಾವೂ ಕೂಡಿಕೊಂಡಿವೆ. ಬಸವಣ್ಣನವರ ಅಂಕಿತದಲ್ಲಿ ಅದೇ ಹೆಸರು ನಿಂತಿತು. ನಮ್ಮ ಹತ್ತಿರದಲ್ಲಿಯೇ ತುಂಗೆಯೂ ಭದ್ರೆಯೂ ಸೇರುವ ಸ್ಥಳಕ್ಕೆ ಕೂಡಲಿ ಎಂದೇ ಹೆಸರು. ‘ಕೂಡಲಿ’ ಎಂದರೆ ಸಂಗಮವೂ ಹೌದು, ಎಲ್ಲರೂ ಕೂಡಲಿ ಎಂಬ ಹಾರೈಕೆಯೂ ಹೌದು.

ಆದ್ದರಿಂದ ಯಾರದಾದರೂ ಮಾತು ನಿಮ್ಮ ಕಿವಿಗೆ ಚುಚ್ಚಿದಂತೆ ಆದರೆ ಒಂದು ಗಳಿಗೆ ತಡೆಯಿರಿ. ನಮಗೆ ಕೇಳಿಸಿದ್ದನ್ನೇ ಅವರು ಹೇಳಿದರೆ ಎಂದು ಮೊದಲು ನಿಮ್ಮನ್ನು ಕೇಳಿಕೊಳ್ಳಿರಿ. ಆಮೇಲೆ ಅವರನ್ನೇ ಕೇಳಿರಿ: ‘ಅಪ್ಪಾ, ನಿಮ್ಮಲ್ಲಿ ಈ ಮಾತಿಗೆ ಏನೆನ್ನುತ್ತಾರೆ?’ ಇಷ್ಟು ಕೇಳುವುದಕ್ಕೆ ಪಾಂಡಿತ್ಯ ಬೇಡ, ಖರ್ಚು ಇಲ್ಲ. ಇಷ್ಟು ಕೇಳಿದರೆ ಅರಿಯೆಂದುಕೊಂಡವನನ್ನು ಅರಿಯುವ ಬಾಗಿಲು ತೆರೆಯುತ್ತದೆ.